ಮೇಷ್ಟ್ರಿಗೊಂದು ಮನೆ

ನಮ್ಮ ಪ್ರಾಣಿಗಳ ಆಶ್ರಯಕ್ಕೆ ಬಂದ ಮೂರನೇ ದಿನಕ್ಕೇ ಆ ನಾಯಿಗೆ ಮೇಷ್ಟ್ರು ಎಂಬ ಹೆಸರು ಬಿತ್ತು. ಇಟ್ಟವನು ದಪ್ಪಣ್ಣ. ನಾಯಿಗಳ ಗೂಡು ತೊಳೆಯುವುದು, ಊಟ ಹಾಕುವುದು, ತಿರುಗಾಡಿಸುವುದು ಎಲ್ಲ ಅವನ ಕೆಲಸ. ಗಾಳಿ ಜೋರಾದರೆ ಹಾರಿಹೋಗುವಷ್ಟು ತೆಳ್ಳಗಿದ್ದಾನೆ ಎಂಬ ಕಾರಣಕ್ಕೇ ಅವನಿಗೆ ಆ ಹೆಸರು. ಅವತ್ತು ಬೆಳಿಗ್ಗೆ ಐದಾರು ನಾಯಿಗಳನ್ನು ಅಂಗಳಕ್ಕೆ ಬಿಟ್ಟು, ಜೊತೆಗೆ ಈ ಹೊಸದನ್ನೂ ಬಿಟ್ಟಿದ್ದ. ಅದು ಎಲ್ಲವನ್ನೂ ಸುತ್ತಿ ಸುತ್ತಿ ನೀರಿನ ತೊಟ್ಟಿಯ ಪಕ್ಕದ ಮೂಲೆಗೆ ತಂದು ನಿಲ್ಲಿಸಿತು. ಕಚ್ಚಲಿಲ್ಲ, ಬೊಗಳಲಿಲ್ಲ. ತಲೆ ತಗ್ಗಿಸಿ, ಕಣ್ಣೆತ್ತಿ ನೋಡುತ್ತಿತ್ತು, ಅಷ್ಟೆ. ಒಂದು ಮುದಿ ನಾಯಿ ಬೇಸತ್ತು ಗುಂಪಿನಿಂದ ಹೊರಟಿತು. ಇದು ಅದರ ಎದುರು ಹೋಗಿ ನಿಂತು ಮರಳಿ ಕಳಿಸಿತು. ಕೊನೆಗೆ ದಪ್ಪಣ್ಣನನ್ನೂ ಅದೇ ಮೂಲೆಗೆ ಸೇರಿಸಿತು.

“ಮೇಡಂ, ಇವರು ನಾಯಿ ಅಲ್ಲ, ಪ್ರೈಮರಿ ಸ್ಕೂಲ್ ಮೇಷ್ಟ್ರು,” ಎಂದು ಅವನು ಅಲ್ಲಿಂದಲೇ ಕೂಗಿದ. “ಹಾಜರಿ ತಗೊಳ್ತಿದ್ದಾರೆ. ನಾನು ಬರೋದು ತಡ ಆಗುತ್ತೆ.”

ಅಂದಿನಿಂದ ನಾವೆಲ್ಲ ಅದಕ್ಕೆ ಬಹುವಚನ ಹಚ್ಚಿದೆವು. ಮೇಷ್ಟ್ರು ಊಟ ಮಾಡಿದ್ರಾ, ಮೇಷ್ಟ್ರಿಗೆ ಉಗುರು ಕತ್ತರಿಸಿದ್ದಾಯ್ತಾ, ಹೀಗೆ. ನಮ್ಮ ಡಾಕ್ಟರು ಕೂಡ ಚೀಟಿಯಲ್ಲಿ ‘ಮೇಷ್ಟ್ರು, ಗಂಡು, ಸುಮಾರು ಮೂರು ವರ್ಷ’ ಎಂದೇ ಬರೆದರು. ರೂಢಿಯಾಗಿಬಿಟ್ಟಿದೆ, ಹಾಗಾಗಿ ನಾನೂ ಇಲ್ಲಿ ಹಾಗೇ ಹೇಳುತ್ತೇನೆ.

ಮೇಷ್ಟ್ರು ಕುರಿ ಕಾಯುವ ಜಾತಿಯವರು. ಕಪ್ಪು ಬಿಳಿ ಮೈ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿಕೊಂಡಿತ್ತು. ಒಂದು ಕಟ್ಟಡದ ಆರನೇ ಮಹಡಿಯ ಬಾಲ್ಕನಿಯಿಂದ ಅವರನ್ನು ನಾವು ತಂದಿದ್ದೆವು. ಎದುರು ಮನೆಯವರೊಬ್ಬರು ಫೋನ್ ಮಾಡಿದ್ದರು: “ಒಂದು ನಾಯಿ ವರ್ಷದಿಂದ ಅಲ್ಲೇ ಇದೆ. ಸುತ್ತುತ್ತೆ, ಸುತ್ತುತ್ತೆ, ನೋಡಿ ನೋಡಿ ನನಗೇ ತಲೆ ಸುತ್ತು ಬರ್ತಿದೆ.” ನಾವು ಹೋದಾಗ ಬಾಲ್ಕನಿಯ ನೆಲದಲ್ಲಿ ಬಣ್ಣ ಸವೆದು ಒಂದು ಉದ್ದನೆಯ ಉಂಗುರ ಮೂಡಿತ್ತು. ಮನೆಯವರು ಕೆಟ್ಟವರೇನಲ್ಲ. ಇಂಥ ನಾಯಿ ಬಹಳ ಜಾಣ ಎಂದು ಯಾರೋ ಹೇಳಿದ್ದಕ್ಕೆ ತಂದಿದ್ದರು. ಮಗು ನಡೆಯಲು ಕಲಿತ ಮೇಲೆ ಅದರ ಹಿಮ್ಮಡಿ ಹಿಡಿಯಲು ಶುರು ಮಾಡಿದೆ ಎಂದು ಹೊರಗೆ ಹಾಕಿದ್ದರು. ದಿನಾ ಎರಡು ಹೊತ್ತು ತಟ್ಟೆ ತುಂಬಿಸುತ್ತಿದ್ದರು. ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ಕೊಟ್ಟುಬಿಡುತ್ತೀರಾ ಎಂದು ಕೇಳಿದಾಗ ಹೆಂಗಸು ಅತ್ತಳು. ಗಂಡ ಪೆನ್ನು ಹುಡುಕಿ ಸಹಿ ಹಾಕಿದ.

ನನ್ನ ಕೆಲಸ ಮನೆ ನೋಡುವುದು. ಯಾರಾದರೂ ನಾಯಿ ಬೇಕೆಂದು ಬಂದರೆ ಅವರಿಂದ ಒಂದು ಫಾರಂ ತುಂಬಿಸಿಕೊಂಡು, ಅವರ ಮನೆಗೆ ಹೋಗಿ, ಕಾಂಪೌಂಡು ಎಷ್ಟು ಎತ್ತರ, ಗೇಟಿಗೆ ಚಿಲಕ ಇದೆಯಾ, ನಾಯಿಯನ್ನು ಎಷ್ಟು ಹೊತ್ತು ಒಂಟಿಯಾಗಿ ಬಿಡುತ್ತಾರೆ ಎಂದು ವಿಚಾರಿಸಿ, ಕೊಡಬಹುದು ಅಥವಾ ಕೊಡಬಾರದು ಎಂದು ಬರೆಯಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಡಾಕ್ಟರು ನನ್ನನ್ನು ಮದುವೆ ದಲ್ಲಾಳಿ ಎಂದು ಕರೆಯುತ್ತಾರೆ. ವ್ಯತ್ಯಾಸ ಇಷ್ಟೇ, ನನ್ನ ಕಡೆಯ ಗಂಡುಗಳು ಸುಳ್ಳು ಹೇಳುವುದಿಲ್ಲ.

ಮೇಷ್ಟ್ರು ಬಂದು ಎರಡು ವಾರ ಆಗಿತ್ತು. ಆಗ ಒಂದು ಭಾನುವಾರ ನನ್ನ ಅಕ್ಕ ಆಶ್ರಯಕ್ಕೆ ಬಂದಳು.

ಅಕ್ಕ ಟೈಲರ್. ಕೆಳಗೆ ಅಂಗಡಿ, ಮೇಲೆ ಎರಡು ರೂಮಿನ ಮನೆ. ಭಾವ ದೂರದ ಊರುಗಳಿಗೆ ಲಾರಿ ಓಡಿಸುತ್ತಾರೆ, ವಾರದಲ್ಲಿ ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ಅಕ್ಕ ಮಾತ್ರ ಬೆಳಿಗ್ಗೆ ಎಂಟಕ್ಕೆ ಮಿಷನ್ ಮುಂದೆ ಕೂತರೆ ಸಂಜೆ ಏಳರವರೆಗೆ ಅಲ್ಲೇ. ಮಿಕ್ಕ ತುಂಡು ಬಟ್ಟೆಗಳನ್ನೆಲ್ಲ ಜೋಡಿಸಿ ನಮ್ಮ ನಾಯಿಗಳಿಗೆ ಹಾಸಿಗೆ ಹೊಲಿದುಕೊಡುತ್ತಾಳೆ. ಅವತ್ತೂ ಅಂಥ ಒಂದು ಗಂಟು ಹೊತ್ತು ತಂದಿದ್ದಳು. ಎರಡಕ್ಕೆ ಅಂಚು ಹೊಲಿಯುವುದು ಬಾಕಿ ಇತ್ತು. ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು ಸೂಜಿ ದಾರ ತೆಗೆದಳು.

ಮೇಷ್ಟ್ರು ಅವಳ ಸುತ್ತ ಎರಡು ಸಲ ಹೋದರು. ಮೂರನೇ ಸಲಕ್ಕೆ ಅವಳ ಕಾಲ ಬಳಿ ಮಲಗಿದರು. ಒಂದು ಗಂಟೆ ಹಾಗೇ ಮಲಗಿದ್ದರು. ಎರಡು ವಾರದಲ್ಲಿ ಅವರು ಹಗಲು ಹೊತ್ತು ಐದು ನಿಮಿಷ ಮಲಗಿದ್ದನ್ನು ನಾವ್ಯಾರೂ ನೋಡಿರಲಿಲ್ಲ.

“ಇವನು ಯಾರೇ?” ಎಂದಳು ಅಕ್ಕ, ತಲೆ ಎತ್ತದೆ.

“ಮೇಷ್ಟ್ರು.”

“ನನಗೆ ಕೊಡು.”

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಹೋಗುವಾಗ ಮೇಜಿನ ಮೇಲಿದ್ದ ಫಾರಂ ಒಂದನ್ನು ತಾನೇ ಎತ್ತಿಕೊಂಡು ಹೋದಳು. ಎರಡು ದಿನ ಬಿಟ್ಟು ದಪ್ಪಣ್ಣನ ಕೈಯಲ್ಲಿ ತುಂಬಿ ಕಳಿಸಿದಳು. ಕಾಂಪೌಂಡು ಎಷ್ಟು ಎತ್ತರ ಎಂಬಲ್ಲಿ, ‘ಕಾಂಪೌಂಡು ಇಲ್ಲ, ಮೆಟ್ಟಿಲಿಗೆ ಬಾಗಿಲಿದೆ’ ಎಂದು ಬರೆದಿತ್ತು. ಓಡಾಡಲು ಜಾಗ: ‘ರಸ್ತೆ.’ ಎಷ್ಟು ಹೊತ್ತು ಒಂಟಿ: ‘ಒಂದು ನಿಮಿಷವೂ ಇಲ್ಲ, ನಾನು ಎಲ್ಲಿಗೂ ಹೋಗುವುದಿಲ್ಲ.’ ಈ ನಾಯಿಯೇ ಏಕೆ ಬೇಕು: ‘ಸುಮ್ಮನೆ ಕೂತಿದ್ದ.’ ಅಕ್ಕನ ಅಕ್ಷರ ಅವಳ ಹೊಲಿಗೆಯ ಹಾಗೆ, ಒಂದೂ ಸಾಲು ಸೊಟ್ಟ ಇರಲಿಲ್ಲ.

ಆ ಮನೆ ನೋಡಲು ನಾನು ಹೋಗಬೇಕಾಗಿರಲಿಲ್ಲ. ಆ ಎರಡು ರೂಮಿನಲ್ಲೇ ನಾನು ಬೆಳೆದವಳು. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಮೆಟ್ಟಿಲು ಎಷ್ಟು, ಕಿಟಕಿಗೆ ಎಷ್ಟು ಕಂಬಿ, ಎಲ್ಲ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ದಿನಕ್ಕೆ ಹತ್ತು ಮೈಲಿ ಓಡಿದರೂ ದಣಿಯದ ನಾಯಿಗೆ ಅದು ಇನ್ನೊಂದು ಬಾಲ್ಕನಿ ಆಗುತ್ತದೆ ಎಂದು ನನಗೆ ಅನ್ನಿಸಿತು. ಒಂದು ಗಂಟೆ ಮಲಗಿದ್ದು ಬೇರೆ, ಹತ್ತು ವರ್ಷ ಮಲಗುವುದು ಬೇರೆ. ಬೇರೆ ಯಾರಾದರೂ ಆ ಫಾರಂ ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಆಗುವುದಿಲ್ಲ ಎಂದು ಬರೆಯುತ್ತಿದ್ದೆ. ಅಕ್ಕನ ಫಾರಮ್ಮಿಗೂ ಹಾಗೇ ಬರೆದೆ.

ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೇ. ತಪ್ಪು ಮಾಡಿದ್ದು ಆಮೇಲೆ. ಅವಳ ಎದುರು ಹೋಗಿ ಕೂತು ಹೇಳಲು ನನಗೆ ಧೈರ್ಯ ಬರಲಿಲ್ಲ. ಎಲ್ಲರಿಗೂ ಕಳಿಸುವ ಅಚ್ಚು ಹಾಕಿದ ಪತ್ರ ಒಂದಿದೆ ನಮ್ಮಲ್ಲಿ. ಅದನ್ನೇ ಲಕೋಟೆಗೆ ಹಾಕಿ ಅವಳಿಗೂ ಕಳಿಸಿಬಿಟ್ಟೆ. ನಡೆದು ಹೋದರೆ ಇಪ್ಪತ್ತು ನಿಮಿಷದ ದಾರಿ. ಅಂಚೆಯಲ್ಲಿ ಹಾಕಿದೆ.

ಪತ್ರ ತಲುಪಿದ ದಿನವೇ ಅಕ್ಕ ಅಂಗಡಿ ಮುಚ್ಚಿ ಬಂದಳು. ಕೆಲಸದ ದಿನ ಅವಳು ಅಂಗಡಿ ಮುಚ್ಚಿದ್ದು ನಾನು ಕಂಡಿರಲಿಲ್ಲ. ಕುತ್ತಿಗೆಗೆ ಅಳತೆ ಟೇಪು ಹಾಗೇ ಇತ್ತು. ನನ್ನ ಮೇಜಿನ ಮೇಲೆ ಪತ್ರ ಇಟ್ಟಳು.

“ಇದೇನು?”

“ಪತ್ರ, ಅಕ್ಕ.”

“ಪತ್ರ ಅಂತ ಗೊತ್ತು, ನನಗೂ ಓದು ಬರುತ್ತೆ. ಇಲ್ಲಿ ‘ಮಾನ್ಯರೇ’ ಅಂತ ಇದೆಯಲ್ಲ, ಅದು ಯಾರು? ನಾನಾ?”

“ಅದು ಎಲ್ಲರಿಗೂ ಕಳಿಸೋದು...”

“‘ತಮ್ಮ ನಿವಾಸವು ಸದರಿ ಪ್ರಾಣಿಗೆ ಸೂಕ್ತವಲ್ಲವೆಂದು ಕಂಡುಬಂದಿದೆ.’ ಯಾರಿಗೆ ಕಂಡುಬಂತು? ಯಾವಾಗ ಬಂದು ನೋಡಿದರು?”

ಪಕ್ಕದ ಕೋಣೆಯಲ್ಲಿ ಡಾಕ್ಟರು ಒಂದು ಬೆಕ್ಕಿಗೆ ಸೂಜಿ ಹಾಕುತ್ತಿದ್ದರು. ಬೆಕ್ಕೂ ಸುಮ್ಮನಾಗಿತ್ತು.

“ಅಕ್ಕ, ಅವರಿಗೆ ಓಡೋಕೆ ಜಾಗ ಬೇಕು. ಆ ಮನೆಯಲ್ಲಿ...”

“ಆ ಮನೆಯಲ್ಲಿ ನೀನು ಬೆಳೆದೆ. ಅಲ್ಲೇ ಓದಿದೆ, ಅಲ್ಲೇ ನಿನಗೆ ಮೀಸಲ್ಸ್ ಬಂತು, ಅಲ್ಲಿಂದಲೇ ಕೆಲಸಕ್ಕೆ ಹೋದೆ. ಮನುಷ್ಯರ ಮಗುವಿಗೆ ಸಾಕಾದ ಮನೆ ನಾಯಿಗೆ ಸಾಲಲಿಲ್ವಾ?”

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಏನಾದರೂ ಇದ್ದೀತು. ನನ್ನ ಬಾಯಿಂದ ಬಂದದ್ದು ಮಾತ್ರ, “ಅದು ಬೇರೆ, ಇದು ಬೇರೆ.”

ಅಕ್ಕ ಪತ್ರವನ್ನು ನನ್ನ ಕಡೆ ಸರಿಸಿದಳು. “ನಿಮ್ಮ ಆಫೀಸಿನ ಕಾಗದ ನಿಮ್ಮ ಹತ್ತಿರವೇ ಇರಲಿ, ಮೇಡಂ,” ಎಂದು ಹೇಳಿ ಹೊರಟುಹೋದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಆಮೇಲೆ ಎರಡು ತಿಂಗಳು ಮಾತಿಲ್ಲ. ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುವುದು ನಿಂತಿತು. ಒಂದು ದಿನ ಭಾವ ಫೋನ್ ಮಾಡಿದರು. ಎಲ್ಲೋ ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿದ್ದರೇನೋ, ಹಿಂದೆ ಗಾಡಿಗಳ ಸದ್ದು. “ನಿಮ್ಮಿಬ್ಬರ ನಡುವೆ ನಾನು ಬರೋದಿಲ್ಲಮ್ಮ. ಆದರೆ ಅವಳು ಮಾತು ಬಿಟ್ಟ ಮೇಲೆ ಹೊಲಿಗೆ ಜಾಸ್ತಿ ಮಾಡ್ತಾಳೆ. ನನಗೆ ಈಗಾಗಲೇ ಆರು ಪೈಜಾಮ ಆಗಿದೆ. ಬೇಗ ಏನಾದರೂ ಮಾಡು,” ಎಂದರು. ನಾನು ಏನೂ ಮಾಡಲಿಲ್ಲ. ಮೇಷ್ಟ್ರಿಗೆ ಎಲ್ಲರೂ ಒಪ್ಪುವಂಥ ಮನೆ ಸಿಕ್ಕಿಬಿಟ್ಟರೆ ಅಕ್ಕನಿಗೂ ಅರ್ಥವಾದೀತು ಎಂದುಕೊಂಡೆ.

ಅಂಥ ಮನೆ ಸಿಕ್ಕಿಯೂ ಬಿಟ್ಟಿತು. ಊರಾಚೆ ಕುರಿ ಸಾಕುವ ಯಜಮಾನರೊಬ್ಬರು ಬಂದರು. ನಾನೂರು ಕುರಿ, ನಲವತ್ತು ಎಕರೆ ಹುಲ್ಲು, ಸುತ್ತ ಕಲ್ಲಿನ ಗೋಡೆ, ಹಿಂದೆಯೂ ಇಂಥ ಎರಡು ನಾಯಿ ಇಟ್ಟವರು. ಅವರ ಫಾರಂ ಓದುತ್ತಾ ನಾನು ಒಳಗೊಳಗೇ ಹಿಗ್ಗಿದೆ. ಹನ್ನೊಂದು ವರ್ಷದಲ್ಲಿ ಎಲ್ಲ ಕಾಲಮ್ಮೂ ಸರಿಯಾಗಿ ತುಂಬಿದ್ದ ಫಾರಂ ಅದೊಂದೇ. ಹೋಗಿ ನೋಡಿಯೂ ಬಂದೆ. ಗೋಡೆ ಭದ್ರವಾಗಿತ್ತು. ನಾಯಿಗೆ ಹೆಂಚಿನ ಮನೆ ಕೂಡ ಇತ್ತು. ಮಾರನೆಯ ದಿನವೇ ಸಹಿ ಹಾಕಿದೆ. ಮೇಷ್ಟ್ರು ಅವರ ಗಾಡಿ ಹತ್ತಿ ಹೋದರು. ದಪ್ಪಣ್ಣ ಗೇಟಿನ ತನಕ ಹೋಗಿ, “ಮೇಷ್ಟ್ರಿಗೆ ವರ್ಗ ಆಯ್ತು,” ಎಂದು ಕಣ್ಣೊರೆಸಿಕೊಂಡ.

ಒಂಬತ್ತನೆಯ ದಿನ ಯಜಮಾನರ ಫೋನ್ ಬಂತು.

“ಮೇಡಂ, ಇದು ಕುರಿ ನಾಯಿ ಅಂದಿರಿ.”

“ಹೌದು ಸರ್.”

“ಇದಕ್ಕೆ ಆ ವಿಷಯ ಯಾರಾದರೂ ಹೇಳಿದ್ದೀರಾ?”

ನಡೆದದ್ದು ಇಷ್ಟು. ಮೊದಲ ದಿನ ಮೇಷ್ಟ್ರು ಹುಲ್ಲುಗಾವಲಿಗೆ ಹೋಗಿ, ಎಂದಿನಂತೆ ತಲೆ ತಗ್ಗಿಸಿ ಕಣ್ಣೆತ್ತಿ ಒಂದು ನೋಟ ನೋಡಿದರು. ಹುಟ್ಟಿದ ಮೇಲೆ ಕುರಿ ಎಂಬುದನ್ನು ಅವರು ಕಂಡದ್ದು ಆಗಲೇ. ಕುರಿಗಳು ನಾಲ್ಕು ಹೆಜ್ಜೆ ಹಿಂದೆ ಸರಿದವು. ಒಂದು ಟಗರು ಮಾತ್ರ ಸರಿಯಲಿಲ್ಲ. ಓಡಿ ಬಂದು ಗುಮ್ಮಿತು. ಮೇಷ್ಟ್ರು ಎರಡು ಮಾರು ದೂರ ಹೋಗಿ ಬಿದ್ದರು. ಎದ್ದವರೇ ಟ್ರ್ಯಾಕ್ಟರ್ ಕೆಳಗೆ ಸೇರಿಕೊಂಡರು. ಅಂದಿನಿಂದ ಕುರಿಯ ವಾಸನೆ ಬಂದರೆ ಸಾಕು, ಟ್ರ್ಯಾಕ್ಟರ್ ಕೆಳಗೆ. ಊಟವನ್ನೂ ಅಲ್ಲಿಗೇ ಸರಿಸಬೇಕು.

“ಒಂದೆರಡು ವಾರದಲ್ಲಿ ಸರಿಹೋಗಬಹುದು,” ಎಂದೆ.

“ಹೋಗಬಹುದು. ಆದರೆ ನಾನು ಟ್ರ್ಯಾಕ್ಟರ್ ತೆಗೀಬೇಕಲ್ಲ ಮೇಡಂ. ಅದನ್ನ ತೆಗೆದರೆ ಇದು ಹಿಂದೆಯೇ ಓಡಿ ಚಕ್ರಕ್ಕೆ ಬಾಯಿ ಹಾಕುತ್ತೆ. ಕಟ್ಟಿ ಹಾಕಿದ್ದೀನಿ. ಕಟ್ಟಿದ ನಾಯಿ ನೋಡೋಕೆ ನನಗೆ ಆಗೋದಿಲ್ಲ. ಬಂದು ಕರ್ಕೊಂಡು ಹೋಗಿ.”

ಹೋಗಿ ಕರೆತಂದೆವು. ವ್ಯಾನಿನಲ್ಲಿ ಮೇಷ್ಟ್ರು ನನ್ನ ಕಡೆ ಬೆನ್ನು ಹಾಕಿ ಕೂತರು. ಆಶ್ರಯಕ್ಕೆ ಬಂದ ಮೇಲೆ ಅಂಗಳದಲ್ಲಿ ಉಂಗುರ ಸುತ್ತುವುದು ಮತ್ತೆ ಶುರುವಾಯಿತು, ಈ ಸಲ ನೀರಿನ ತೊಟ್ಟಿಯ ಸುತ್ತ. ಬೇರೆ ನಾಯಿಗಳು ಬಂದರೂ ಗಮನವಿಲ್ಲ. ಎಲುಬು ಕಾಣಿಸತೊಡಗಿತು. ಡಾಕ್ಟರು ತೂಕ ನೋಡಿ, “ಇನ್ನೊಂದು ತಿಂಗಳು ಹೀಗೇ ಇದ್ದರೆ ಕಷ್ಟ,” ಎಂದರು. ಆಮೇಲೆ ನನ್ನ ಕಡೆ ನೋಡಿ, “ನಿಮ್ಮ ಅಕ್ಕನ ಮನೆಯ ವಿಷಯ ಇನ್ನೊಂದು ಸಲ ಯೋಚನೆ ಮಾಡಬಹುದಿತ್ತಾ?” ಎಂದು ಕೇಳಿದರು. ರಾತ್ರಿಯೆಲ್ಲ ನಾನೂ ಅದನ್ನೇ ಯೋಚಿಸಿದ್ದೆ. ಆದರೆ ಈಗ ಅಕ್ಕನ ಹತ್ತಿರ ಹೋಗಿ, ಬೇರೆ ಕಡೆ ಆಗಲಿಲ್ಲ, ನೀನೇ ಇಟ್ಟುಕೋ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ನಾನು ಹೋಗಬೇಕಾಗಲಿಲ್ಲ. ದಪ್ಪಣ್ಣನ ಪ್ಯಾಂಟುಗಳ ಸೊಂಟ ಬಿಗಿ ಮಾಡಿಕೊಡುವವಳು ಅಕ್ಕನೇ. ಅವನು ಹೋಗಿ ಎಲ್ಲ ಒದರಿದ್ದ. ಒಂದು ಬುಧವಾರ ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. ಅಂಗಳದ ಕಡೆಯೂ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು, ಕುತ್ತಿಗೆ ಹಾಗೆ ಬಿಗಿದುಕೊಂಡಿತ್ತು.

“ಒಂದು ಮನೆ ಇದೆ. ಹೋಗಿ ನೋಡಬೇಕು,” ಎಂದಳು.

“ಯಾರ ಮನೆ?”

“ನನ್ನ ಗಿರಾಕಿ ಒಬ್ಬರದ್ದು. ತಿಂಗಳಿಗೊಂದು ಸಲ ಮಂಡಿ ಹರಿದ ಪ್ಯಾಂಟು ತರ್ತಾರೆ, ತೇಪೆ ಹಾಕಿಕೊಡ್ತೀನಿ. ಹೇಗೆ ಹರೀತು ಅಂತ ಮೊನ್ನೆ ಕೇಳಿದೆ. ಬಾತುಕೋಳಿ ಹಿಂದೆ ಓಡಿ ಬಿದ್ದೆ ಅಂದರು. ಹೋದ ತಿಂಗಳೂ ಬಿದ್ದಿದ್ದರಂತೆ. ಇನ್ನೂರೈವತ್ತು ಬಾತುಕೋಳಿ ಇವೆ, ಮಂಡಿ ಒಂದೇ ನೆಟ್ಟಗಿರೋದು.” ಹೊರಡಲು ತಿರುಗಿ, “ನಿಮ್ಮ ಫಾರಂ ತಗೊಂಡೇ ಬನ್ನಿ. ಆಮೇಲೆ ಅದು ಇಲ್ಲ, ಇದು ಇಲ್ಲ ಅನ್ನೋದು ಬೇಡ,” ಎಂದಳು.

ಬನ್ನಿ ಎಂದಳು. ಸಿಟ್ಟು ಇಳಿದಿರಲಿಲ್ಲ.

ಮಾರನೆಯ ದಿನ ಆಶ್ರಯದ ವ್ಯಾನಿನಲ್ಲಿ ಹೊರಟೆವು. ಮೇಷ್ಟ್ರು ಹಿಂದೆ ಜಾಲರಿಯ ಒಳಗೆ. ಅಕ್ಕ ನನ್ನ ಪಕ್ಕದ ಸೀಟಿನಲ್ಲಿ, ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು. ಊರು ದಾಟಿದೆವು. ರೈಲ್ವೆ ಗೇಟು ಹಾಕಿತ್ತು. ಎಂಜಿನ್ ನಿಲ್ಲಿಸಿದೆ.

“ಅಕ್ಕ, ನಾನು ಅವತ್ತು ಮನೆಗೇ ಬಂದು ಹೇಳಬೇಕಾಗಿತ್ತು,” ಎಂದೆ. “ಹೆದರಿಕೊಂಡು ಪತ್ರ ಹಾಕಿದೆ.”

ಅಕ್ಕ ಮುಂದಿನ ಗೇಟನ್ನೇ ನೋಡುತ್ತಿದ್ದಳು. “ನನ್ನ ಕಂಡರೆ ಹೆದರಿಕೆ ಯಾವಾಗಿಂದ?”

“ಯಾವಾಗಲೂ ಇತ್ತು.”

“ಇತ್ತಾ?” ನಿಜಕ್ಕೂ ಆಶ್ಚರ್ಯದಿಂದ ನನ್ನ ಕಡೆ ತಿರುಗಿದಳು. “ನಾನು ಯಾವತ್ತೂ ಕೈ ಎತ್ತಿದ್ದೇ ಇಲ್ಲವಲ್ಲ.”

“ಅದಕ್ಕೇ.”

ರೈಲು ಹೋಯಿತು. ಉದ್ದನೆಯ ಗೂಡ್ಸ್ ಗಾಡಿ. ಮೇಷ್ಟ್ರು ಒಂದೊಂದು ಡಬ್ಬಿಯನ್ನೂ ತಲೆ ತಿರುಗಿಸಿ ಲೆಕ್ಕ ಹಾಕುವಂತೆ ನೋಡಿದರು. ಗೇಟು ಎತ್ತಿದಾಗ ಅಕ್ಕ, “ನನಗೆ ಇನ್ನೂ ಕೋಪ ಇದೆ. ಹೋಗೋಣ, ನಡಿ,” ಎಂದಳು. ನಡಿ ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ಗೇರ್ ಹಾಕಿದೆ.

ಅಕ್ಕನ ಆ ಗಿರಾಕಿ, ನಾವು ಆಮೇಲೆ ಬಾತುಕೋಳಿಯಮ್ಮ ಎಂದು ಕರೆದವರ ಜಾಗ ಒಂದು ಕಾಲುವೆಯ ಪಕ್ಕದ ತಗ್ಗಿನಲ್ಲಿತ್ತು. ತಗಡಿನ ಉದ್ದನೆಯ ಕೊಟ್ಟಿಗೆ, ಅದರಾಚೆ ಎರಡು ಹೊಂಡ, ಈಚೆ ಒಂದು ಸಣ್ಣ ಮನೆ. ಎಲ್ಲೆಲ್ಲೂ ಕೆಸರು, ಗರಿ, ಮತ್ತು ಕಿವಿ ಕಿತ್ತುಹೋಗುವ ಗಲಾಟೆ. ಐವತ್ತೈದು ಅರವತ್ತರ ಹೆಂಗಸು. ರಬ್ಬರ್ ಬೂಟು, ಪ್ಯಾಂಟಿನ ಎರಡೂ ಮಂಡಿಗೆ ಅಕ್ಕನ ತೇಪೆ. ಗಂಡ ದಿನವಿಡೀ ಗಾಡಿಯಲ್ಲಿ ಮೊಟ್ಟೆ ಹಂಚಲು ಹೋಗುತ್ತಾರಂತೆ. ಬೆಳಿಗ್ಗೆ ಬಾತುಕೋಳಿಗಳನ್ನು ಹೊಂಡಕ್ಕೆ ಬಿಡುವುದು ಸುಲಭ, ಸಂಜೆ ಒಳಗೆ ಹಾಕುವುದೇ ತಲೆನೋವು. ಹೊರಗೆ ಉಳಿದದ್ದನ್ನು ನರಿ ಹೊತ್ತೊಯ್ಯುತ್ತದೆ.

ನಾನು ಫಾರಂ ತೆಗೆದೆ. ಕಾಂಪೌಂಡು ಎಂಬಲ್ಲಿಗೇ ನನ್ನ ಪೆನ್ನು ನಿಂತಿತು. ಕಾಲುವೆಯ ಕಡೆ ತಂತಿ ಬೇಲಿ ಇತ್ತು, ಅದರಲ್ಲಿ ಆನೆ ನುಗ್ಗುವಷ್ಟು ದೊಡ್ಡ ಸಂದು.

“ಇಲ್ಲಿ ಬೇಲಿ ಇಲ್ಲವಲ್ಲ,” ಎಂದೆ.

“ಇದೆಯಲ್ಲ, ಬಿದ್ದಿದೆ,” ಎಂದರು ಬಾತುಕೋಳಿಯಮ್ಮ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದಿನ ನಾನಾಗಿದ್ದರೆ ಅಲ್ಲಿಗೇ ಫಾರಂ ಮಡಚಿ ಚೀಲಕ್ಕೆ ಹಾಕುತ್ತಿದ್ದೆ. ಆದರೆ ಎಲ್ಲ ಕಾಲಮ್ಮೂ ಸರಿಯಿದ್ದ ಮನೆಯ ಫಲ ಏನಾಯಿತು ಎಂಬುದು ವ್ಯಾನಿನ ಹಿಂದೆ ಕೂತಿತ್ತು. “ಒಂದು ಸಲ ಬಿಟ್ಟು ನೋಡೋಣ,” ಎಂದೆ.

ಉದ್ದನೆಯ ಹಗ್ಗ ಕಟ್ಟಿ ಮೇಷ್ಟ್ರನ್ನು ಇಳಿಸಿದೆ. ಅವರು ಮೊದಲು ವ್ಯಾನಿನ ಚಕ್ರದ ಹಿಂದೆ ಸೇರಿಕೊಂಡರು. ಟಗರು ಬರುತ್ತದೆಯೋ ಎಂದು ಕಾಯುತ್ತಿದ್ದರೇನೋ. ಹೊಂಡದ ದಂಡೆಯಲ್ಲಿ ಮೂವತ್ತು ನಲವತ್ತು ಬಾತುಕೋಳಿಗಳು ಮೈ ಕೊಡವಿಕೊಳ್ಳುತ್ತಿದ್ದವು. ಒಂದು ಈ ಕಡೆ ನಾಲ್ಕು ಹೆಜ್ಜೆ ಬಂತು. ಮೇಷ್ಟ್ರು ಹೊಟ್ಟೆ ನೆಲಕ್ಕೆ ತಾಗಿಸಿ ಮುಂದೆ ಸರಿದರು. ಅದು ಕತ್ತೆತ್ತಿ ನೋಡಿ, ತಿರುಗಿ ಕುಂಡೆ ಅಲ್ಲಾಡಿಸುತ್ತಾ ಓಡಿತು. ಮೇಷ್ಟ್ರ ಮಡಚಿದ ಕಿವಿ ಸೆಟೆದು ನಿಂತಿತು.

ಮುಂದಿನದು ಎಷ್ಟು ಬೇಗ ಆಯಿತೆಂದರೆ ಹಗ್ಗ ನನ್ನ ಕೈಯಿಂದ ಜಾರಿದ್ದೇ ಗೊತ್ತಾಗಲಿಲ್ಲ. ಅವರು ದಂಡೆಯ ಆಚೆಯಿಂದ ದೊಡ್ಡದೊಂದು ಸುತ್ತು ಹಾಕಿದರು. ಓಟ ಎಂದರೆ ಹರಿದ ಹಾಗೆ, ಸದ್ದೇ ಇಲ್ಲ. ಚದುರಿದ್ದ ಬಾತುಕೋಳಿಗಳು ಒಂದೇ ಬಿಳಿ ಗುಂಪಾಗಿ ಕೊಟ್ಟಿಗೆಯ ಕಡೆ ಹೊರಟವು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಬಾತುಕೋಳಿಯಮ್ಮ ಮಾತ್ರ, “ಅಯ್ಯೋ, ಐದು ವರ್ಷ ಇವುಗಳ ಹಿಂದೆ ಓಡಿದ್ದು ದಂಡ,” ಎಂದರು.

ಆದರೆ ಮೇಷ್ಟ್ರಿಗೆ ನಿಲ್ಲಿಸಲು ಗೊತ್ತಿರಲಿಲ್ಲ. ಗುಂಪನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಹಿಡಿದರು. ಒಂದರ ಮೇಲೊಂದು ಹತ್ತತೊಡಗಿದವು. ಅಡಿಯಲ್ಲಿದ್ದವು ಅರಚುತ್ತಿದ್ದವು. ನಾನು “ಮೇಷ್ಟ್ರೇ, ಸಾಕು! ಬನ್ನಿ! ನಿಲ್ಲಿ!” ಎಂದು ಕೂಗಿಕೊಂಡು ಓಡಿದೆ. ಅವರು ತಿರುಗಿಯೂ ನೋಡಲಿಲ್ಲ.

ಬಾತುಕೋಳಿಯಮ್ಮ ಕುಂಟುತ್ತಾ ನಡೆದು ಬಂದು ನಾಯಿಗೂ ಗುಂಪಿಗೂ ನಡುವೆ ನಿಂತರು. ಪಕ್ಕದಲ್ಲಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. “ನಾಯಿಗೆ ಯಾಕ್ರೀ ಬನ್ನಿ ಹೋಗಿ? ಅದಕ್ಕೆ ತಲೆ ಕೆಡುತ್ತೆ,” ಎಂದು ನನಗೆ ಹೇಳಿ, ಮೇಷ್ಟ್ರ ಕಡೆ ತಿರುಗಿ, ದನಿ ಎತ್ತದೆ, “ಕೂತ್ಕೋಳೋ. ಆಯ್ತು, ಕೂತ್ಕೋ,” ಎಂದರು.

ಮೇಷ್ಟ್ರು ಆ ಕಡೆ ನೋಡಿದರು, ಈ ಕಡೆ ನೋಡಿದರು. ದಾರಿಯಿಲ್ಲ, ಬಕೆಟ್ಟಿನ ಮೇಲೆ ಹೆಂಗಸು ಕೂತಿದ್ದಾರೆ. ಕೂತರು. ನಾಲಿಗೆ ಒಂದು ಗೇಣು ಹೊರಗೆ ಬಂದಿತ್ತು.

ನಾನು ಸಂಜೆ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಲಿ ಇಲ್ಲ, ಇಂಥ ನಾಯಿ ಸಾಕಿದ ಅನುಭವ ಇಲ್ಲ, ಆದರೆ ಕೊಡಬೇಕು ಅನ್ನಿಸುತ್ತಿದೆ. “ಹನ್ನೊಂದು ವರ್ಷದಲ್ಲಿ ನಿಮ್ಮ ಬಾಯಲ್ಲಿ ‘ಅನ್ನಿಸುತ್ತೆ’ ಅನ್ನೋದು ಕೇಳಿದ್ದು ಇದೇ ಮೊದಲು,” ಎಂದರು ಡಾಕ್ಟರು. “ಬೇಲಿ ಹಾಕಿಸಲಿ. ಒಂದು ತಿಂಗಳು ಇಟ್ಟು ನೋಡೋಣ.” ಭಾವ ಆ ವಾರ ರಜೆ ಹಾಕಿದ್ದರು. ಬಾತುಕೋಳಿಯಮ್ಮನ ಗಂಡನ ಜೊತೆ ಸೇರಿ ಎರಡು ದಿನದಲ್ಲಿ ತಂತಿ ಎಳೆದು ಕೊಟ್ಟು ಬಂದರು. ಮಾತಾಡುವ ಹೆಂಡತಿ ಮರಳಿ ಸಿಗುವುದಾದರೆ ನಾಲ್ಕು ಹಳ್ಳಿಗೆ ಬೇಲಿ ಹಾಕಲೂ ತಯಾರು ಎಂದರು.

ಮೇಷ್ಟ್ರು ಅಲ್ಲಿಗೆ ಹೋದರು. ಒಂದು ವಾರ ಕಳೆದ ಮೇಲೆ ಫೋನ್ ಬಂತು. ಆ ನಂಬರ್ ನೋಡಿದ ಕೂಡಲೇ ಇವರೂ ವಾಪಸ್ ಕಳಿಸುತ್ತಾರೆ ಎಂದುಕೊಂಡೆ.

“ಮೊಟ್ಟೆ ಅರ್ಧಕ್ಕರ್ಧ ಇಳಿದಿದೆ,” ಎಂದರು ಬಾತುಕೋಳಿಯಮ್ಮ. “ಬಾತುಕೋಳಿ ಗಾಬರಿ ಬಿದ್ದಿವೆ. ಇವನು ಬೆಳಿಗ್ಗೆ ಬಿಟ್ಟರೆ ಸಂಜೆ ತನಕ ಹೊಂಡದಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಹೊಂಡ. ಅವಕ್ಕೆ ತಿನ್ನೋಕೂ ಬಿಡುವಿಲ್ಲ.”

ನಾನು ವ್ಯಾನಿನ ಬೀಗದ ಕೈ ಹುಡುಕುತ್ತಾ, “ನಾಳೆನೇ ಬಂದು ಕರ್ಕೊಂಡು ಹೋಗ್ತೀನಿ,” ಎಂದೆ.

“ಯಾರು ಕರ್ಕೊಂಡು ಹೋಗಿ ಅಂದರು? ದಿನಕ್ಕೆ ಎರಡೇ ಸಲ ಕೆಲಸ ಕೊಡಬೇಕು, ಮಿಕ್ಕ ಹೊತ್ತು ಏನು ಮಾಡಿಸಲಿ ಅಂತ ಕೇಳೋಣ ಅಂತ ಫೋನ್ ಮಾಡಿದ್ದು. ನಿಮಗೆ ಗೊತ್ತಿರುತ್ತೆ ಅಂದುಕೊಂಡೆ.”

ನನಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿದೆ, ಕುರಿ ಯಜಮಾನರನ್ನೂ ಕೇಳಿದೆ. ಅವರು ಪಾಪ, ಖುದ್ದಾಗಿ ಒಂದು ಸಂಜೆ ಅಲ್ಲಿಗೆ ಹೋಗಿ ಶಿಳ್ಳೆ ಹೊಡೆದು ನಿಲ್ಲಿಸುವುದನ್ನು ಕಲಿಸಿಕೊಟ್ಟರು. ಮಧ್ಯಾಹ್ನದ ಹೊತ್ತು ಬಾತುಕೋಳಿಯಮ್ಮನ ಗಂಡ ಮೊಟ್ಟೆಯ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋಗತೊಡಗಿದರು. ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿಯುವುದೇ ಒಂದು ಕೆಲಸವಾಯಿತು. ಮೂರನೇ ವಾರಕ್ಕೆ ಮೊಟ್ಟೆ ಮೊದಲಿನ ಮಟ್ಟಕ್ಕೆ ಬಂತು. ತಿಂಗಳು ಮುಗಿದಾಗ ಕಾಗದಕ್ಕೆ ಸಹಿ ಆಯಿತು.

ಅಷ್ಟರಲ್ಲಿ ನಾನು ಅಕ್ಕನಿಗೆ ಒಂದು ಮುದಿ ನಾಯಿಯನ್ನು ತೋರಿಸಿದೆ. ಶಾಂತ ಸ್ವಭಾವ, ಎರಡು ರೂಮಿಗೆ ಹೇಳಿ ಮಾಡಿಸಿದಂಥದ್ದು. ಅಕ್ಕ ತಲೆ ಸವರಿ, “ಪಾಪ, ಒಳ್ಳೇದಿದೆ. ಬೇಡ,” ಎಂದಳು. “ನನಗೆ ನಾಯಿ ಬೇಕು ಅಂತ ಇರಲಿಲ್ಲವೇ. ಅವನು ಬೇಕಿದ್ದ, ಅಷ್ಟೆ. ಸಿಗಲಿಲ್ಲ, ಆಯ್ತು.” ಅದನ್ನು ಅವಳು ಬೇಸರದಿಂದ ಹೇಳಲಿಲ್ಲ. ಆದರೆ ಹಗುರವಾಗಿಯೂ ಹೇಳಲಿಲ್ಲ.

ಆರು ತಿಂಗಳ ಪರಿಶೀಲನೆಗೆ ಹೋಗುವ ದಿನ ಅವಳನ್ನೂ ಕರೆದೆ. ಭಾನುವಾರ, ಸಂಜೆ ನಾಲ್ಕರ ಸುಮಾರು. ಮೇಷ್ಟ್ರು ಮೈ ತುಂಬಿಕೊಂಡಿದ್ದರು. ಕಾಲಿಗೆಲ್ಲ ಕೆಸರು. ಬಂದು ನನ್ನ ಕೈ ಮೂಸಿದರು. ಅಕ್ಕನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಮೂಸಿದರು, ಬಾಲ ಅಲ್ಲಾಡಿಸಿದರು. ಅಕ್ಕ ಬಗ್ಗಿ ಏನೋ ಹೇಳಹೊರಟಳು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಶಿಳ್ಳೆ ಕೇಳಿಸಿತು. ಮೇಷ್ಟ್ರು ಅಲ್ಲಿಂದ ಮಾಯ.

ಅಕ್ಕ ಹಾಗೇ ಬಗ್ಗಿ ನಿಂತಿದ್ದಳು. ಆಮೇಲೆ ನೆಟ್ಟಗಾಗಿ, ಹೊಂಡದ ಕಡೆ ನೋಡುತ್ತಾ, “ಪುರುಸೊತ್ತಿಲ್ಲ ಅವನಿಗೆ,” ಎಂದಳು.

“ಬೇಜಾರಾಯ್ತಾ?”

“ಆಯ್ತು.” ಬಿಳಿಯ ಗುಂಪು ದಂಡೆ ಹತ್ತಿ ಸಾಲಾಗಿ ಬರುತ್ತಿತ್ತು, ಹಿಂದೆ ದೂರದಲ್ಲಿ ಕಪ್ಪು ಬಿಳಿ ಮೈ ಆ ಪಕ್ಕ ಈ ಪಕ್ಕ ಸರಿಯುತ್ತಿತ್ತು. “ನನ್ನ ಹತ್ತಿರ ಇದ್ದಿದ್ದರೂ ಚೆನ್ನಾಗೇ ನೋಡ್ಕೊಳ್ತಿದ್ದೆ,” ಎಂದಳು.

“ಗೊತ್ತು ಅಕ್ಕ.”

“ಇಷ್ಟು ಓಡಿಸೋಕೆ ಆಗ್ತಿರಲಿಲ್ಲ.”

ಬಾತುಕೋಳಿಯಮ್ಮ ಕೊಟ್ಟಿಗೆಯ ಬಾಗಿಲು ಹಾಕಿ ಬಂದು, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು. ಅವರ ಕೈ ಒದ್ದೆಯಾಗಿತ್ತು. ಅಕ್ಕ ಪೆನ್ನು ಅವರ ಕೈಗೆ ಕೊಟ್ಟು, ಫಾರಂ ನೆನೆಯದಂತೆ ಎರಡೂ ಅಂಚು ಹಿಡಿದುಕೊಂಡಳು.